ಅರಿವಳಿಕೆ ಕೊಟ್ಟ ಕುದುರೆಯ ಬಿಪಿ ನೋಡುವ ಬಗೆ

"ನಾಡಿ ಚೆನ್ನಾಗಿ ಸಿಗ್ತಾ ಇದೆಯಲ್ಲ, ಬಿಪಿ ಬೇರೆ ಯಾಕೆ ನೋಡಬೇಕು?" ಕುದುರೆಗಳ ಕೆಲಸಕ್ಕೆ ಹೊಸದಾಗಿ ಬಂದ ಪಶುವೈದ್ಯರು ಪದೇ ಪದೇ ಕೇಳುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೆರಡು ಬರುತ್ತವೆ. ಬಾಲಕ್ಕೆ ಕಫ್ ಕಟ್ಟಿದರೆ ಸಾಲದಾ? ಮಾನಿಟರ್ ತೋರಿಸುವ ಅಂಕೆಯನ್ನು ಎಷ್ಟು ನಂಬಬಹುದು? ಮೂರಕ್ಕೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಓದುವವರು ಪಶುವೈದ್ಯರು, ವಿದ್ಯಾರ್ಥಿಗಳು, ಆಪರೇಷನ್ ಕೋಣೆಯ ಸಹಾಯಕರು ಎಂದುಕೊಂಡಿದ್ದೇನೆ. ಕುದುರೆ ಸಾಕಿದವರು ಓದಿದರೂ ಒಳ್ಳೆಯದೇ. ಆಪರೇಷನ್‌ಗೆ ಮೊದಲು ವೈದ್ಯರನ್ನು ಏನು ಕೇಳಬೇಕು ಅಂತ ಗೊತ್ತಾಗುತ್ತದೆ.

ಮೊದಲನೆಯ ಪ್ರಶ್ನೆಗೆ ಈಗಲೇ ಉತ್ತರ ಹೇಳಿಬಿಡುತ್ತೇನೆ. ಬೆರಳಿಗೆ ಸಿಗುವ ನಾಡಿ ಒತ್ತಡವನ್ನು ಹೇಳುವುದಿಲ್ಲ. ಮೇಲಿನ ಒತ್ತಡಕ್ಕೂ ಕೆಳಗಿನ ಒತ್ತಡಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಹೇಳುತ್ತದೆ. ಒಂದು ಕುದುರೆಯ ಬಿಪಿ 110/70, ಇನ್ನೊಂದರದ್ದು 80/40 ಅಂದುಕೊಳ್ಳಿ. ಎರಡರಲ್ಲೂ ವ್ಯತ್ಯಾಸ 40. ಬೆರಳಿಗೆ ಎರಡೂ ಹೆಚ್ಚುಕಮ್ಮಿ ಒಂದೇ ಥರ ಬಡಿಯುತ್ತವೆ. ಆದರೆ ಮೊದಲನೆಯದು ಆರಾಮಾಗಿದೆ, ಎರಡನೆಯದು ಅಪಾಯದಲ್ಲಿದೆ.

ಕುದುರೆಯಲ್ಲೇ ಇದಕ್ಕೆ ಇಷ್ಟು ತಲೆಕೆಡಿಸಿಕೊಳ್ಳುವುದು ಯಾಕೆ? ಅದರ ತೂಕಕ್ಕಾಗಿ. 500 ಕಿಲೋ ದೇಹ ತನ್ನದೇ ಸ್ನಾಯುಗಳ ಮೇಲೆ ಗಂಟೆಗಟ್ಟಲೆ ಬಿದ್ದಿರುತ್ತದೆ. ಅಡಿಯಲ್ಲಿ ಸಿಕ್ಕಿದ ಭುಜ, ತೊಡೆ, ಪೃಷ್ಠದ ಸ್ನಾಯುಗಳ ಒಳಗೆ ಒತ್ತಡ ಏರುತ್ತದೆ. ಆ ಒತ್ತಡವನ್ನು ಮೀರಿ ರಕ್ತ ಒಳಗೆ ಹೋಗಬೇಕಾದರೆ ಬಿಪಿ ಗಟ್ಟಿಯಾಗಿರಬೇಕು. ಇಲ್ಲದಿದ್ದರೆ ಸ್ನಾಯು ರಕ್ತವಿಲ್ಲದೆ ಸೊರಗುತ್ತದೆ. ಇದನ್ನು ಮಯೋಪತಿ ಎನ್ನುತ್ತಾರೆ. ನಾಯಿ ಎಚ್ಚರವಾದ ಮೇಲೆ ಅರ್ಧ ದಿನ ಮಲಗಿದರೂ ನಡೆಯುತ್ತದೆ. ಕುದುರೆ ಹಾಗಲ್ಲ, ಎದ್ದು ನಿಲ್ಲಲೇಬೇಕು. ಕಾಲು ಹಿಡಿತಕ್ಕೆ ಬರದಿದ್ದರೆ ಗಾಬರಿಯಿಂದ ಒದ್ದಾಡಿ ಮೂಳೆ ಮುರಿದುಕೊಳ್ಳುತ್ತದೆ. 2002ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದು 41,824 ಕುದುರೆಗಳ ಅರಿವಳಿಕೆಯನ್ನು ನೋಡಿತ್ತು. ಹೊಟ್ಟೆನೋವಿನ (ಕಾಲಿಕ್) ಆಪರೇಷನ್ ಅಲ್ಲದ ಕುದುರೆಗಳಲ್ಲೂ ಸಾವು ನೂರಕ್ಕೆ ಹತ್ತಿರಹತ್ತಿರ ಒಂದು ಇತ್ತು. ಮನುಷ್ಯರ ಲೆಕ್ಕದಲ್ಲಿ ಇದು ಭಯ ಹುಟ್ಟಿಸುವ ಅಂಕೆ.

1. ಮೊದಲು ಅಂಕೆಗಳನ್ನು ಅರ್ಥ ಮಾಡಿಕೊಳ್ಳಿ

ಬಿಪಿಯನ್ನು ಮಿಲಿಮೀಟರ್ ಪಾದರಸದಲ್ಲಿ ಅಳೆಯುತ್ತಾರೆ. ಇಲ್ಲಿಂದ ಮುಂದೆ ಬರೀ ಅಂಕೆ ಬರೆಯುತ್ತೇನೆ.

ಹೃದಯ ಹಿಂಡಿದಾಗಿನ ಒತ್ತಡ ಸಿಸ್ಟೋಲಿಕ್. ಹೃದಯ ಸಡಿಲಾದಾಗಿನದ್ದು ಡಯಾಸ್ಟೋಲಿಕ್. ಎರಡರ ನಡುವೆ ಸರಾಸರಿ ಒತ್ತಡ ಅಂತ ಒಂದಿದೆ, ಅದನ್ನು ಮೀನ್ ಎನ್ನುತ್ತಾರೆ. ನಮಗೆ ಬೇಕಾದದ್ದು ಮುಖ್ಯವಾಗಿ ಈ ಮೀನ್. ಅಂಗಾಂಗಗಳಿಗೆ ರಕ್ತ ತಳ್ಳುವುದು ಅದೇ. ಅಂದಾಜು ಲೆಕ್ಕ ಸುಲಭ. ಸಿಸ್ಟೋಲಿಕ್‌ನಿಂದ ಡಯಾಸ್ಟೋಲಿಕ್ ಕಳೆಯಿರಿ, ಬಂದದ್ದನ್ನು ಮೂರರಿಂದ ಭಾಗಿಸಿ, ಡಯಾಸ್ಟೋಲಿಕ್‌ಗೆ ಕೂಡಿಸಿ. ಮೇಲಿನ 110/70ಕ್ಕೆ ಮೀನ್ 83 ಬರುತ್ತದೆ. 80/40ಕ್ಕೆ 53.

ದೊಡ್ಡ ಕುದುರೆಯಲ್ಲಿ ಮೀನ್ 70ಕ್ಕಿಂತ ಮೇಲೆ ಇರುವಂತೆ ನೋಡಿಕೊಳ್ಳಿ. 70ಕ್ಕಿಂತ ಇಳಿದರೆ ಏನಾದರೂ ಮಾಡಿ. 60ಕ್ಕಿಂತ ಕೆಳಗೆ ಹೆಚ್ಚು ಹೊತ್ತು ಬಿಡಲೇಬೇಡಿ. ಎಳೆಯ ಮರಿಗಳಲ್ಲಿ ಬಿಪಿ ಸಹಜವಾಗಿಯೇ ಸ್ವಲ್ಪ ಕಡಿಮೆ, ಅವು ಹಗುರ ಕೂಡ. ಅಲ್ಲಿ 60ರ ಸುತ್ತ ಇದ್ದರೂ ಗಾಬರಿ ಬೇಡ. ಕುದುರೆ ದಪ್ಪವಿದ್ದಷ್ಟೂ, ಆಪರೇಷನ್ ಉದ್ದವಾದಷ್ಟೂ ನಾನು 70ಕ್ಕೆ ತೃಪ್ತಿಪಡುವುದಿಲ್ಲ, 75–80 ಇರಲಿ ಅನ್ನುತ್ತೇನೆ.

2. ಯಾವ ವಿಧಾನ ಅಂತ ಕುದುರೆ ಮಲಗುವ ಮೊದಲೇ ತೀರ್ಮಾನಿಸಿ

ದಾರಿ ಎರಡು. ಒಂದು, ಆರ್ಟರಿಯ (ಹೃದಯದಿಂದ ರಕ್ತ ಒಯ್ಯುವ ನಾಳ) ಒಳಗೇ ಸಣ್ಣ ಕ್ಯಾತಿಟರ್ (ಸೂಜಿಯ ಮೇಲೆ ಕೂತು ಬರುವ ತೆಳು ಪ್ಲಾಸ್ಟಿಕ್ ಕೊಳವೆ) ಹಾಕಿ ನೇರವಾಗಿ ನೋಡುವುದು. ಇನ್ನೊಂದು, ಬಾಲಕ್ಕೆ ಕಫ್ ಕಟ್ಟಿ ಹೊರಗಿನಿಂದ ನೋಡುವುದು.

ಅನಿಲದ ಅರಿವಳಿಕೆ, ಅಂದರೆ ಐಸೋಫ್ಲೂರೇನ್ ಅಥವಾ ಸೆವೋಫ್ಲೂರೇನ್ ಕೊಡುತ್ತಿದ್ದರೆ ಎರಡನೇ ಯೋಚನೆ ಬೇಡ, ಆರ್ಟರಿಗೆ ಕ್ಯಾತಿಟರ್ ಹಾಕಿ. ಈ ಅನಿಲಗಳು ರಕ್ತನಾಳಗಳನ್ನು ಸಡಿಲ ಮಾಡುತ್ತವೆ, ಹೃದಯದ ಬಲವನ್ನೂ ಕುಗ್ಗಿಸುತ್ತವೆ. ಕೊಟ್ಟಷ್ಟೂ ಬಿಪಿ ಇಳಿಯುತ್ತದೆ. ಕಾಲಿಕ್ ಕುದುರೆಯಾದರೆ ಅಂಗಾತ ಮಲಗಿಸಿದಾಗ ಉಬ್ಬಿದ ಕರುಳು ದೊಡ್ಡ ರಕ್ತನಾಳದ ಮೇಲೆ ಕೂರುತ್ತದೆ, ಜೊತೆಗೆ ನಂಜು ಬೇರೆ. ಅಲ್ಲಿ ಕಫ್ ನಂಬಿ ಕೂರುವುದು ಕಣ್ಣುಕಟ್ಟಿಕೊಂಡು ನಡೆದಂತೆ.

ಚುಚ್ಚುಮದ್ದಿನಿಂದಲೇ ಮುಗಿಯುವ ಇಪ್ಪತ್ತು ನಿಮಿಷದ ಕೆಲಸ, ಉದಾಹರಣೆಗೆ ಆರೋಗ್ಯವಂತ ಗಂಡು ಕುದುರೆಯ ಬೀಜ ತೆಗೆಯುವುದು, ಇದ್ದರೆ ಕಫ್ ಸಾಕು.

3. ಲೈನನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ

ಕುದುರೆ ಮಲಗಿದ ಮೇಲೆ ಸಾಮಾನು ಹುಡುಕುತ್ತಾ ಓಡಾಡಬೇಡಿ. ಬೇಕಾಗುವುದು ಇಷ್ಟು: ದೊಡ್ಡ ಕುದುರೆಗೆ 20 ಗೇಜ್ ಕ್ಯಾತಿಟರ್ (18 ಕೂಡ ನಡೆಯುತ್ತದೆ, ಮರಿಗೆ 22), ಗಟ್ಟಿ ಗೋಡೆಯ ಪ್ರೆಷರ್ ಟ್ಯೂಬ್, ಮೂರು ಬಾಯಿಯ ಪುಟ್ಟ ನಲ್ಲಿ ಅಂದರೆ ತ್ರೀ-ವೇ ಸ್ಟಾಪ್‌ಕಾಕ್, ಟ್ರಾನ್ಸ್‌ಡ್ಯೂಸರ್, ಮಾನಿಟರ್, ಸಲೈನ್ ಚೀಲ, ಅದನ್ನು ಹಿಂಡುವ ಪ್ರೆಷರ್ ಬ್ಯಾಗ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್, ಟೇಪ್, ಹೊಲಿಗೆ ದಾರ ಅಥವಾ ಅಂಟು. ಟ್ರಾನ್ಸ್‌ಡ್ಯೂಸರ್ ಅಂದರೆ ಒತ್ತಡವನ್ನು ವಿದ್ಯುತ್ ಸಂಕೇತ ಮಾಡಿ ಮಾನಿಟರ್‌ಗೆ ಕಳಿಸುವ ಪುಟ್ಟ ಡಬ್ಬಿ.

ಸಲೈನ್‌ಗೆ ಪ್ರತಿ ಮಿ.ಲೀ.ಗೆ 1ರಿಂದ 5 ಯೂನಿಟ್ ಬರುವಂತೆ ಹೆಪಾರಿನ್ ಬೆರೆಸಿ. 500 ಮಿ.ಲೀ. ಚೀಲಕ್ಕೆ 1000 ಯೂನಿಟ್ ಹಾಕಿದರೆ ಮಿ.ಲೀ.ಗೆ 2 ಆಯಿತು. ಬೆರೆಸಿದ ಮೇಲೆ ಚೀಲದ ಒಳಗಿರುವ ಗಾಳಿಯನ್ನು ಪೂರ್ತಿ ಹೊರಗೆ ಹಿಂಡಿ. ಇದನ್ನು ಬಹಳ ಜನ ಮರೆಯುತ್ತಾರೆ. ಪ್ರೆಷರ್ ಬ್ಯಾಗನ್ನು 300ಕ್ಕೆ ಏರಿಸಿ. ಆಗ ಫ್ಲಷ್ ಕವಾಟ (ಲೈನಿನೊಳಕ್ಕೆ ಸಲೈನ್ ಬಿಡುವ ಕವಾಟ) ತಾನಾಗಿಯೇ ಗಂಟೆಗೆ ಸುಮಾರು 3 ಮಿ.ಲೀ. ಒಳಗೆ ಬಿಡುತ್ತಾ ಕ್ಯಾತಿಟರ್ ತುದಿ ಕಟ್ಟದಂತೆ ನೋಡಿಕೊಳ್ಳುತ್ತದೆ.

ಟ್ಯೂಬಿಗೆ ಸಲೈನ್ ತುಂಬಿಸುವಾಗ ನಿಧಾನ ಇರಲಿ. ರಭಸದಿಂದ ಬಿಟ್ಟರೆ ಸ್ಟಾಪ್‌ಕಾಕ್‌ನ ಮೂಲೆಗಳಲ್ಲಿ ಗುಳ್ಳೆ ಸಿಕ್ಕಿಕೊಳ್ಳುತ್ತದೆ. ಬೆರಳಿನಿಂದ ತಟ್ಟಿ ತಟ್ಟಿ ಓಡಿಸಿ. ಒಂದು ಗುಳ್ಳೆ ಸಾಕು ಅಂಕೆ ಕೆಡಿಸಲು. ಗಾಳಿ ಹಿಂಡಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಒತ್ತಡದ ಅಲೆ ಗುಳ್ಳೆಯಲ್ಲೇ ಇಂಗಿಹೋಗುತ್ತದೆ.

ಕುದುರೆಯ ಟೇಬಲ್ ದೊಡ್ಡದು, ಮಾನಿಟರ್ ದೂರ. ಹಾಗಾಗಿ ಕೈಗೆ ಸಿಕ್ಕಿದ ಮೆತ್ತನೆಯ ಡ್ರಿಪ್ ಟ್ಯೂಬನ್ನು ಸೇರಿಸಿ ಉದ್ದ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಮಾಡಬೇಡಿ. ಮೆತ್ತನೆಯ ಗೋಡೆ ಪ್ರತಿ ಬಡಿತಕ್ಕೂ ಉಬ್ಬಿ ತಗ್ಗುತ್ತದೆ. ಟ್ರಾನ್ಸ್‌ಡ್ಯೂಸರನ್ನೇ ಕುದುರೆಯ ಹತ್ತಿರ ತಂದು, ಅದರ ವಿದ್ಯುತ್ ತಂತಿಯನ್ನು ಉದ್ದ ಮಾಡಿಕೊಳ್ಳಿ. (ಜಗತ್ತಿನಲ್ಲಿ ಮೊದಲು ಬಿಪಿ ಅಳೆದದ್ದೇ ಕುದುರೆಯಲ್ಲಿ. ಸ್ಟೀಫನ್ ಹೇಲ್ಸ್ ಎಂಬ ಇಂಗ್ಲೆಂಡಿನ ಪಾದ್ರಿ ಹೆಣ್ಣು ಕುದುರೆಯೊಂದನ್ನು ಕಟ್ಟಿ ಮಲಗಿಸಿ, ತೊಡೆಯ ಆರ್ಟರಿಗೆ ಹಿತ್ತಾಳೆ ಕೊಳವೆ ತೂರಿಸಿ, ಅದಕ್ಕೆ ಗಾಜಿನ ಕೊಳವೆ ಜೋಡಿಸಿದ. ರಕ್ತ 8 ಅಡಿ 3 ಅಂಗುಲ ಏರಿತು. 1733ರಲ್ಲಿ ಇದನ್ನು ಪ್ರಕಟಿಸಿದ. ಇಂದಿನ ಲೆಕ್ಕದಲ್ಲಿ ಅದು 190ಕ್ಕೂ ಹೆಚ್ಚು. ಅರಿವಳಿಕೆ ಇಲ್ಲದೆ ಕಟ್ಟಿಹಾಕಿದ ಕುದುರೆ, ನೋವು ಗಾಬರಿಗೆ ಅಷ್ಟು ಏರದೆ ಇರುತ್ತದಾ?)

4. ಆರ್ಟರಿ ಆರಿಸಿ

ಮೂರು ಜಾಗ ಚೆನ್ನಾಗಿ ಕೈಹಿಡಿಯುತ್ತವೆ.

ದವಡೆಯ ಆರ್ಟರಿ: ಕೆಳದವಡೆಯ ಅಂಚಿನಲ್ಲಿ, ಅಗಿಯುವ ದೊಡ್ಡ ಸ್ನಾಯುವಿನ ಮುಂದೆ, ಮೂಳೆಯನ್ನು ದಾಟಿ ಮುಖದ ಮೇಲೆ ಏರುತ್ತದೆ. ನಾವು ದಿನಾ ನಾಡಿ ಹಿಡಿಯುವ ಜಾಗವೇ ಅದು. ಮೂತಿಯ ಕಡೆಯಿಂದ ಎಣಿಸಿದರೆ ಮೊದಲು ಆರ್ಟರಿ, ಆಮೇಲೆ ವೇನ್ (ಹೃದಯಕ್ಕೆ ರಕ್ತ ಮರಳಿಸುವ ನಾಳ), ಆಮೇಲೆ ಜೊಲ್ಲಿನ ನಾಳ. ಈ ಸಾಲು ನೆನಪಿದ್ದರೆ ತಪ್ಪು ನಾಳ ಚುಚ್ಚುವುದು ತಪ್ಪುತ್ತದೆ. ಬೆರಳಿನ ಕೆಳಗೆ ಉರುಳುತ್ತದೆ, ಅದೊಂದು ಕಿರಿಕಿರಿ.

ಕಣ್ಣಿನ ಹಿಂದಿನ ಆರ್ಟರಿ: ಕಣ್ಣಿನ ಹೊರಮೂಲೆಯ ಹಿಂದೆ, ಕೆನ್ನೆಮೂಳೆಯ ಕಮಾನಿನ ಕೆಳಗೆ ಅಡ್ಡವಾಗಿ ಹೋಗುತ್ತದೆ. ನೇರವಾಗಿದೆ, ಹೆಚ್ಚು ಉರುಳುವುದಿಲ್ಲ. ಅರಿವಳಿಕೆ ಕೊಡುವವರು ಹೇಗೂ ತಲೆಯ ಹತ್ತಿರವೇ ಇರುವುದರಿಂದ ಕಣ್ಣೆದುರೇ ಇರುತ್ತದೆ. ಹೊಸಬರಿಗೆ ನಾನು ಹೇಳುವುದು ಇದನ್ನೇ.

ಹಿಂಗಾಲಿನ ಆರ್ಟರಿ: ಹಿಂಗಾಲಿನ ಹೊರಮಗ್ಗುಲಲ್ಲಿ, ದೊಡ್ಡ ಕ್ಯಾನನ್ ಮೂಳೆಗೂ ಪಕ್ಕದ ಸಣ್ಣ ಸ್ಪ್ಲಿಂಟ್ ಮೂಳೆಗೂ ನಡುವಿನ ಕಾಲುವೆಯಲ್ಲಿ ಇಳಿಯುತ್ತದೆ. ತಲೆಯ ಭಾಗದಲ್ಲಿ ಆಪರೇಷನ್ ಇದ್ದರೆ ಇದೇ ಗತಿ. ಎರಡು ಮೂಳೆಗಳ ನಡುವೆ ಕೂತಿರುವುದರಿಂದ ಜಾರುವುದಿಲ್ಲ, ಆದರೆ ಮೇಲಿನ ಚರ್ಮ ದಪ್ಪ.

ಮಗ್ಗುಲಾಗಿ ಮಲಗಿಸಿದ್ದರೆ ಮೇಲಿರುವ ಬದಿಯನ್ನೇ ಹಿಡಿಯಿರಿ. ಅಂದಹಾಗೆ, ಮಲಗಿದ ಕೂಡಲೇ ಮೂತಿಯ ಹಾಲ್ಟರ್ ಬಿಚ್ಚಿಬಿಡಿ. ಅದರ ಬಳೆ ಕೆನ್ನೆಗೆ ಒತ್ತಿದರೆ ಮುಖದ ನರ ಸೋತು ತುಟಿ ಜೋಲುಬೀಳುತ್ತದೆ.

5. ಕ್ಯಾತಿಟರ್ ಹಾಕಿ

ಕೂದಲು ಕತ್ತರಿಸಿ, ಆಪರೇಷನ್‌ಗೆ ತೊಳೆದಷ್ಟೇ ಶ್ರದ್ಧೆಯಿಂದ ಚರ್ಮ ತೊಳೆಯಿರಿ. ಕೈಗವಸು ಹಾಕಿ. ಚುಚ್ಚುವ ಜಾಗದಲ್ಲಿ ದಪ್ಪ ಸೂಜಿಯಿಂದ ಚರ್ಮಕ್ಕೆ ಮಾತ್ರ ಒಂದು ಸಣ್ಣ ಗೀರು ಕೊಡಿ. ಇದನ್ನು ಬಿಟ್ಟರೆ ಕುದುರೆಯ ಚರ್ಮ ದಾಟುವಾಗಲೇ ಕ್ಯಾತಿಟರ್ ತುದಿ ಸುಕ್ಕಾಗುತ್ತದೆ. ಆಮೇಲೆ ಎಷ್ಟು ತಳ್ಳಿದರೂ ಆರ್ಟರಿಗೆ ಹೋಗುವುದಿಲ್ಲ.

ಎಡಗೈಯ ಎರಡು ಬೆರಳಿಂದ ನಾಡಿ ಹಿಡಿಯಿರಿ. ತುಂಬಾ ಒತ್ತಬೇಡಿ, ಒತ್ತಿದರೆ ನಾಡಿಯೇ ಮುಚ್ಚಿಹೋಗುತ್ತದೆ. ಚರ್ಮಕ್ಕೆ 20–30 ಡಿಗ್ರಿ ಓರೆಯಾಗಿ, ನಿಧಾನವಾಗಿ ಸೂಜಿ ಇಳಿಸಿ. ಹಿಂಬದಿಯಲ್ಲಿ ರಕ್ತ ಕಂಡ ತಕ್ಷಣ ನಿಲ್ಲಿ. ಸೂಜಿಯನ್ನು ಚಪ್ಪಟೆ ಮಾಡಿ, ಇನ್ನೊಂದು ಎರಡು ಮಿ.ಮೀ. ಮುಂದೆ ತಳ್ಳಿ, ಆಮೇಲೆ ಸೂಜಿಯನ್ನು ಹಿಡಿದಿಟ್ಟು ಕ್ಯಾತಿಟರನ್ನು ಮಾತ್ರ ಜಾರಿಸಿ. ರಕ್ತ ಕಂಡ ಖುಷಿಯಲ್ಲಿ ತಕ್ಷಣ ಕ್ಯಾತಿಟರ್ ತಳ್ಳುವುದೇ ಎಲ್ಲರೂ ಮಾಡುವ ತಪ್ಪು. ಆಗ ಸೂಜಿಯ ತುದಿ ಮಾತ್ರ ಒಳಗಿರುತ್ತದೆ, ಕ್ಯಾತಿಟರ್ ಇನ್ನೂ ಗೋಡೆಯ ಹೊರಗೇ ಇರುತ್ತದೆ.

ಜಾರಲಿಲ್ಲವಾ? ಅರ್ಧ ಹೊರತೆಗೆದ ಸೂಜಿಯನ್ನು ಮತ್ತೆ ಕ್ಯಾತಿಟರ್ ಒಳಗೆ ತೂರಿಸಬೇಡಿ. ತುದಿ ತುಂಡಾಗಿ ನಾಳದೊಳಗೆ ಉಳಿಯಬಹುದು. ಎಲ್ಲ ತೆಗೆದು, ಐದು ನಿಮಿಷ ಒತ್ತಿ ಹಿಡಿದು, ಹೊಸದರಲ್ಲಿ ಮತ್ತೆ ಶುರು ಮಾಡಿ.

ಹೋದ ಮೇಲೆ ಲೈನ್ ಜೋಡಿಸಿ, ಗಟ್ಟಿಯಾಗಿ ಹೊಲಿದು ಅಥವಾ ಅಂಟಿಸಿ ಕಟ್ಟಿ. ಕ್ಯಾತಿಟರ್ ಇರುವ ಜಾಗವನ್ನು ಆಪರೇಷನ್ ಬಟ್ಟೆಯ ಅಡಿ ಹುದುಗಿಸಬೇಡಿ. ಜೋಡಣೆ ಬಿಚ್ಚಿಕೊಂಡರೆ ಆರ್ಟರಿಯಿಂದ ರಕ್ತ ಸುರಿಯುತ್ತದೆ, ಬಟ್ಟೆಯ ಕೆಳಗೆ ಯಾರಿಗೂ ಕಾಣುವುದಿಲ್ಲ.

ಈಗ ಒಂದು ಕೆಂಪು ಟೇಪ್ ತೆಗೆದುಕೊಂಡು ಸ್ಟಾಪ್‌ಕಾಕ್‌ಗೆ ಸುತ್ತಿ, "ಆರ್ಟರಿ" ಅಂತ ಬರೆಯಿರಿ. ಈ ಲೈನಿನಲ್ಲಿ ಯಾವ ಔಷಧವನ್ನೂ ಕೊಡುವಂತಿಲ್ಲ. ಅವಸರದಲ್ಲಿ ಡ್ರಿಪ್ ಲೈನ್ ಅಂದುಕೊಂಡು ಇದಕ್ಕೆ ಚುಚ್ಚಿದರೆ ಮುಂದಿರುವ ಅಂಗಾಂಶವೇ ಕೊಳೆಯಬಹುದು.

6. ಝೀರೋ ಬೇರೆ, ಎತ್ತರ ಬೇರೆ

ಲೇಖನದಲ್ಲಿ ಒಂದೇ ಭಾಗ ಓದುತ್ತೀರಿ ಅಂದರೆ ಇದನ್ನು ಓದಿ. ತಪ್ಪು ಅಂಕೆಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲೇ.

ಝೀರೋ ಮಾಡುವುದು ಅಂದರೆ ಸ್ಟಾಪ್‌ಕಾಕನ್ನು ಗಾಳಿಗೆ ತೆರೆದು, "ಇದು ಸೊನ್ನೆ" ಅಂತ ಮಾನಿಟರ್‌ಗೆ ಹೇಳಿಕೊಡುವುದು. ಎತ್ತರ ಸರಿ ಮಾಡುವುದು ಅಂದರೆ ಟ್ರಾನ್ಸ್‌ಡ್ಯೂಸರನ್ನು ಹೃದಯದ ಮಟ್ಟಕ್ಕೆ ತಂದಿಡುವುದು. ಎರಡೂ ಬೇಕು. ಒಂದನ್ನು ಮಾಡಿದರೆ ಇನ್ನೊಂದು ಆದಂತೆ ಅಲ್ಲ.

ಹೃದಯದ ಮಟ್ಟ ಎಲ್ಲಿ? ಹೃದಯದ ಬಲಗಡೆಯ ಮೇಲ್ಕೋಣೆಯ ಮಟ್ಟ ಬೇಕು, ಅದನ್ನು ಹೊರಗಿನಿಂದ ಅಂದಾಜು ಮಾಡಬೇಕು. ಕುದುರೆ ಅಂಗಾತ ಮಲಗಿದ್ದರೆ ಭುಜದ ಮುಂದಿನ ಮೊನೆ ಇರುವ ಎತ್ತರ. ಮಗ್ಗುಲಾಗಿ ಮಲಗಿದ್ದರೆ ಎದೆಮೂಳೆಯ ಮುಂದಿನ ತುದಿಯ ಎತ್ತರ, ಯಾಕೆಂದರೆ ಅದು ದೇಹದ ನಡುಗೆರೆಯಲ್ಲಿದೆ. ಟೇಬಲಿನ ಮಟ್ಟ ಹಿಡಿಯಬೇಡಿ. ದೊಡ್ಡ ಕುದುರೆಯ ನಡುಗೆರೆ ಟೇಬಲಿನಿಂದ ಎಷ್ಟೋ ಮೇಲಿರುತ್ತದೆ.

ಲೆಕ್ಕ ಹೀಗಿದೆ. ಟ್ರಾನ್ಸ್‌ಡ್ಯೂಸರ್ ಹೃದಯಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಅಂಕೆ ಸುಮಾರು 7.5 ಜಾಸ್ತಿ ತೋರಿಸುತ್ತದೆ. 10 ಸೆಂ.ಮೀ. ಮೇಲಿದ್ದರೆ ಅಷ್ಟೇ ಕಮ್ಮಿ. ಟ್ಯೂಬಿನಲ್ಲಿರುವ ನೀರಿನ ಭಾರ ಅದು.

ಕ್ಯಾತಿಟರ್ ಎಲ್ಲಿದೆ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ ಎಂಬುದನ್ನು ಗಮನಿಸಿ. ಅಂಗಾತ ಮಲಗಿಸಿ ಹಿಂಗಾಲು ಮೇಲೆ ಕಟ್ಟಿದಾಗ ಎಷ್ಟೋ ಜನ ಟ್ರಾನ್ಸ್‌ಡ್ಯೂಸರನ್ನೂ ಕಾಲಿನ ಮಟ್ಟಕ್ಕೆ ಏರಿಸುತ್ತಾರೆ. ಬೇಡ. ಎತ್ತರದಲ್ಲಿರುವ ಕಾಲಿನ ಆರ್ಟರಿಯಲ್ಲಿ ಒತ್ತಡ ಕಮ್ಮಿ ಇರುತ್ತದೆ, ನಿಜ. ಆದರೆ ಅಲ್ಲಿಂದ ಕೆಳಗಿಳಿಯುವ ಟ್ಯೂಬಿನ ನೀರು ಅಷ್ಟನ್ನೇ ಮರಳಿ ಕೂಡಿಸುತ್ತದೆ. ಟ್ರಾನ್ಸ್‌ಡ್ಯೂಸರ್ ಹೃದಯದ ಮಟ್ಟದಲ್ಲಿದ್ದರೆ ಸಾಕು.

ಈಗ ನನ್ನದೇ ಒಂದು ತಪ್ಪು. ಟ್ರಾನ್ಸ್‌ಡ್ಯೂಸರನ್ನು ನೆಲದ ಮೇಲಿನ ಡ್ರಿಪ್ ಸ್ಟ್ಯಾಂಡಿಗೆ ಕಟ್ಟಿ, ಎತ್ತರ ಸರಿ ಮಾಡಿ, ಝೀರೋ ಮಾಡಿದ್ದೆ. ಆಮೇಲೆ ಸರ್ಜನ್ ತಮ್ಮ ಬೆನ್ನಿಗೆ ಅನುಕೂಲ ಆಗಲೆಂದು ಟೇಬಲನ್ನು 30 ಸೆಂ.ಮೀ. ಏರಿಸಿದರು. ಕುದುರೆ ಮೇಲೆ ಹೋಯಿತು, ಟ್ರಾನ್ಸ್‌ಡ್ಯೂಸರ್ ಅಲ್ಲೇ ಉಳಿಯಿತು. ಮಾನಿಟರ್ 80 ತೋರಿಸುತ್ತಿತ್ತು, ನಾನು ನೆಮ್ಮದಿಯಾಗಿದ್ದೆ. ನಿಜವಾದ ಮೀನ್ 58. ಕಾಲು ಗಂಟೆ ಆದ ಮೇಲೆ ಕಣ್ಣಿಗೆ ಬಿತ್ತು. ಅವತ್ತಿನಿಂದ ಟ್ರಾನ್ಸ್‌ಡ್ಯೂಸರನ್ನು ಟೇಬಲಿಗೇ ಕಟ್ಟುತ್ತೇನೆ. ಟೇಬಲ್ ಏರಿದರೆ ಅದೂ ಏರುತ್ತದೆ. ಟೇಬಲನ್ನು ಓರೆ ಮಾಡಿದರೆ ಅಥವಾ ಕುದುರೆಯನ್ನು ಹೊರಳಿಸಿದರೆ ಮಾತ್ರ ಮತ್ತೆ ನೋಡಿಕೊಳ್ಳಬೇಕು.

ಟ್ರಾನ್ಸ್‌ಡ್ಯೂಸರ್ ಇಲ್ಲದವರು ಗಡಿಯಾರದಂಥ ಮುಳ್ಳಿನ ಮೀಟರ್, ಅಂದರೆ ಅನೆರಾಯ್ಡ್ ಮಾನೋಮೀಟರ್ ಬಳಸಬಹುದು. ಅಗ್ಗದ್ದು, ಬಯಲಲ್ಲೂ ನಡೆಯುತ್ತದೆ, ಮೀನ್‌ಗೆ ಸಾಕಷ್ಟು ನಂಬಿಕೆಯದ್ದು. ಕ್ಯಾತಿಟರ್ ಕಡೆಯ ಟ್ಯೂಬಿನಲ್ಲಿ ಸಲೈನ್ ಇರುತ್ತದೆ, ಮೀಟರ್ ಕಡೆಯಲ್ಲಿ ಗಾಳಿ. ಇಲ್ಲಿ ಹೃದಯದ ಮಟ್ಟಕ್ಕೆ ಬರಬೇಕಾದದ್ದು ಮೀಟರ್ ಅಲ್ಲ, ಸಲೈನೂ ಗಾಳಿಯೂ ಸೇರುವ ಗೆರೆ. ಮೀಟರ್ ಎಲ್ಲಿದ್ದರೂ ಸರಿ. ಮುಳ್ಳು ಬಡಿತಕ್ಕೆ ತಕ್ಕಂತೆ ಸ್ವಲ್ಪ ಅಲುಗಾಡುತ್ತದೆ, ಅದರ ನಡುವಿನ ಅಂಕೆಯನ್ನು ಮೀನ್ ಅಂತ ಬರೆದುಕೊಳ್ಳಿ. ಸಲೈನ್ ಮೀಟರ್ ಒಳಗೆ ಹೋಗದಂತೆ ನೋಡಿಕೊಳ್ಳಿ. ಇದರಲ್ಲಿ ಸಲೈನ್ ತಾನಾಗಿ ಹರಿಯುವುದಿಲ್ಲ, ಆಗಾಗ ಕೈಯಿಂದ ಫ್ಲಷ್ ಮಾಡಬೇಕು. ಫ್ಲಷ್ ಮಾಡುವಾಗ ಟ್ಯೂಬಿನ ಗಾಳಿ ಕುದುರೆಯ ಕಡೆ ಹೋಗದಿರಲಿ.

7. ಅಂಕೆಗೆ ಮೊದಲು ಅಲೆ ನೋಡಿ

ಮಾನಿಟರ್ ಮೇಲೆ ಒಳ್ಳೆಯ ಅಲೆ ಚಕ್ಕನೆ ಏರುತ್ತದೆ, ನಿಧಾನ ಇಳಿಯುತ್ತದೆ, ಇಳಿಯುವ ದಾರಿಯಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ. ಅಲೆ ಗುಂಡಗೆ, ಸೋಮಾರಿಯಾಗಿ ಕಂಡರೆ ಲೈನಿನಲ್ಲಿ ಗುಳ್ಳೆ, ಹೆಪ್ಪುಗಟ್ಟಿದ ರಕ್ತ ಅಥವಾ ಮಡಿಕೆ ಇದೆ. ಆಗ ಸಿಸ್ಟೋಲಿಕ್ ಇರುವುದಕ್ಕಿಂತ ಕಮ್ಮಿ, ಡಯಾಸ್ಟೋಲಿಕ್ ಜಾಸ್ತಿ ಕಾಣುತ್ತದೆ. ಅಲೆ ತೀರಾ ಚೂಪಾಗಿ ಈಟಿಯಂತೆ ನಿಂತರೆ ಉಲ್ಟಾ, ಸಿಸ್ಟೋಲಿಕ್ ಸುಳ್ಳೇ ಮೇಲೆ ಹೋಗಿರುತ್ತದೆ. ಸಮಾಧಾನದ ವಿಷಯ ಏನೆಂದರೆ ಎರಡರಲ್ಲೂ ಮೀನ್ ಬಹುಮಟ್ಟಿಗೆ ಸರಿಯಾಗೇ ಉಳಿಯುತ್ತದೆ. ಮೀನನ್ನೇ ನೋಡಿ ಎಂದು ಮೊದಲೇ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಪರೀಕ್ಷೆ ಸುಲಭ. ಫ್ಲಷ್ ಕವಾಟವನ್ನು ಒಮ್ಮೆ ಎಳೆದು ಥಟ್ಟನೆ ಬಿಡಿ. ತೆರೆಯ ಮೇಲೆ ಚೌಕದ ಗೋಡೆ ಎದ್ದು ಬೀಳುತ್ತದೆ. ಬಿದ್ದ ಮೇಲೆ ಒಂದೆರಡು ಸಣ್ಣ ಕುಣಿತ ಕಂಡು ಮಾಮೂಲಿ ಅಲೆ ಶುರುವಾದರೆ ಲೈನ್ ಸರಿಯಿದೆ. ಕುಣಿತವೇ ಇಲ್ಲದೆ ಜೋಲುಬಿದ್ದರೆ ಗುಳ್ಳೆ ಹುಡುಕಿ. ಕುಣಿಯುತ್ತಲೇ ಇದ್ದರೆ ಟ್ಯೂಬ್ ಉದ್ದ ಜಾಸ್ತಿಯಾಗಿದೆ.

8. ಕಫ್ ಬಳಸುವವರಿಗೆ

ಕಫನ್ನು ಬಾಲದ ಬುಡಕ್ಕೆ ಕಟ್ಟಿ. ಆರ್ಟರಿ ಬಾಲದ ಅಡಿಭಾಗದ ನಡುವೆ ಹೋಗುತ್ತದೆ, ಕಫ್ ಒಳಗಿನ ಗಾಳಿಚೀಲದ ನಡುಭಾಗ ಅದರ ಮೇಲೇ ಕೂರಬೇಕು. ಚೀಲದ ಅಗಲ ಬಾಲದ ಸುತ್ತಳತೆಯ ಸುಮಾರು 40% ಇರಲಿ. ಸಣ್ಣ ಕಫ್ ಬಿಪಿಯನ್ನು ಜಾಸ್ತಿ ತೋರಿಸುತ್ತದೆ, ದೊಡ್ಡ ಕಫ್ ಕಮ್ಮಿ. ಬಾಲದ ಕೂದಲು ಒಳಗೆ ಸಿಕ್ಕಿಕೊಳ್ಳದಿರಲಿ.

ಇಲ್ಲಿ ಎತ್ತರದ ಲೆಕ್ಕ ತಿರುಗುಮುರುಗು. ಕಫ್ ಎಲ್ಲಿದೆಯೋ ಅಲ್ಲಿನ ಒತ್ತಡವೇ ಬರುತ್ತದೆ, ಮಷಿನ್ ಎಲ್ಲಿಟ್ಟರೂ ಒಂದೇ. ಅಂಗಾತ ಮಲಗಿದ ಕುದುರೆಯ ಬಾಲ ಹೃದಯಕ್ಕಿಂತ ಕೆಳಗಿರುತ್ತದೆ. ಎಷ್ಟು ಸೆಂ.ಮೀ. ಕೆಳಗಿದೆ ಅಳೆದು, 0.75ರಿಂದ ಗುಣಿಸಿ, ಬಂದದ್ದನ್ನು ಮಷಿನ್ ತೋರಿಸಿದ ಬಿಪಿಯಿಂದ ಕಳೆಯಿರಿ.

ತಾನೇ ಉಬ್ಬಿ ಇಳಿಯುವ ಮಷಿನ್‌ಗಳು ಬಡಿತದ ಕಂಪನ ಎಣಿಸಿ ಲೆಕ್ಕ ಹಾಕುತ್ತವೆ. ಬಹಳಷ್ಟು ಮನುಷ್ಯರಿಗೆಂದು ಮಾಡಿದವು. ನಿಮಿಷಕ್ಕೆ 30 ಬಡಿಯುವ ಹೃದಯ ಅವುಗಳಿಗೆ ಅರ್ಥವೇ ಆಗುವುದಿಲ್ಲ. ಅದರ ಮೇಲೆ ಕುದುರೆಗಳಲ್ಲಿ, ಅದರಲ್ಲೂ ಕ್ಸೈಲಜೀನ್, ಡೆಟೊಮಿಡೀನ್‌ನಂಥ ಮಂಪರಿನ ಔಷಧ ಕೊಟ್ಟಾಗ, ನಡುನಡುವೆ ಬಡಿತ ತಪ್ಪುವುದು ಮಾಮೂಲು. ಮಷಿನ್ ಗೊಂದಲಕ್ಕೆ ಬೀಳುತ್ತದೆ. ಹಾಗಾಗಿ ಅದು ತೋರಿಸುವ ಹೃದಯಬಡಿತವನ್ನು ನಿಮ್ಮ ಎಣಿಕೆಯ ಜೊತೆ ಹೋಲಿಸಿ. ತಾಳೆಯಾಗದಿದ್ದರೆ ಆ ಬಿಪಿಯನ್ನು ಬಿಸಾಡಿ. ಒಂದೇ ಅಂಕೆ ನಂಬಬೇಡಿ, ಮೂರು ಸಲ ತೆಗೆದು ಸರಾಸರಿ ಮಾಡಿ. ಬಿಪಿ ತೀರಾ ಬಿದ್ದಾಗ, ಅಂದರೆ ನಮಗೆ ಅಂಕೆ ಬೇಕೇಬೇಕಾದ ಹೊತ್ತಿನಲ್ಲೇ, ಈ ಮಷಿನ್‌ಗಳು ಕೈಕೊಡುತ್ತವೆ.

ಡಾಪ್ಲರ್ ಅಂದರೆ ರಕ್ತ ಹರಿಯುವ ಸದ್ದು ಕೇಳಿಸುವ ಪುಟ್ಟ ಸಾಧನ. ಕಫ್‌ನಿಂದ ಬಾಲದ ತುದಿಯ ಕಡೆ ಕೂದಲು ಕತ್ತರಿಸಿ, ಜೆಲ್ ಹಚ್ಚಿ ಇಡಿ. ಕಫ್ ಉಬ್ಬಿಸಿ ಸದ್ದು ನಿಲ್ಲಿಸಿ, ನಿಧಾನ ಇಳಿಸಿ. ಸದ್ದು ಮತ್ತೆ ಶುರುವಾದ ಅಂಕೆ ಸಿಸ್ಟೋಲಿಕ್. ಮೀನ್ ಸಿಗುವುದಿಲ್ಲ. ಆದರೂ ಸದ್ದು ಸಣ್ಣಗಾಗುತ್ತಾ ಬಂದರೆ ಕಿವಿಗೇ ಗೊತ್ತಾಗುತ್ತದೆ, ಅದೇ ಅದರ ದೊಡ್ಡ ಉಪಕಾರ.

9. ಐದು ನಿಮಿಷಕ್ಕೊಮ್ಮೆ ಬರೆಯಿರಿ

ಬಿಪಿ, ಹೃದಯಬಡಿತ, ಅನಿಲದ ಪ್ರಮಾಣ ಮೂರನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ಮಾನಿಟರ್ ನೆನಪಿಟ್ಟುಕೊಳ್ಳುತ್ತದೆ ಬಿಡಿ ಅನ್ನಬೇಡಿ. 82, 78, 75, 71 ಅಂತ ಕೈಯಲ್ಲಿ ಬರೆದಾಗಲೇ ಇಳಿಜಾರು ಕಾಣುವುದು. 69 ಬಂದು ಅಲಾರಂ ಹೊಡೆಯುವವರೆಗೆ ಕಾಯಬೇಕಿಲ್ಲ, ಅಲ್ವಾ?

10. ಅಂಕೆ ಬಿದ್ದರೆ

ಮೊದಲು ಲೈನ್ ನೋಡಿ, ಆದರೆ ಅರ್ಧ ನಿಮಿಷದಲ್ಲಿ ಮುಗಿಸಿ. ಎತ್ತರ ಸರಿಯಿದೆಯಾ, ಫ್ಲಷ್ ಆಗುತ್ತಿದೆಯಾ, ಅಲೆ ಹೇಗಿದೆ. ಸರ್ಜನ್ ಯಾರಾದರೂ ಕುದುರೆಯ ಮುಖಕ್ಕೆ ಒರಗಿ ನಿಂತಿದ್ದಾರಾ ಅನ್ನುವುದನ್ನೂ ನೋಡಿ. ಲೈನ್ ಸರಿಯಿದ್ದರೆ ಬಿಪಿ ನಿಜಕ್ಕೂ ಬಿದ್ದಿದೆ ಅಂತಲೇ ತಿಳಿಯಿರಿ. ಮಾನಿಟರ್ ಕೆಟ್ಟಿರಬೇಕು ಅಂತ ಸಮಾಧಾನ ಮಾಡಿಕೊಂಡು ಹತ್ತು ನಿಮಿಷ ಕಳೆದವರನ್ನು ನೋಡಿದ್ದೇನೆ.

ಆಮೇಲೆ ಸಾಲಾಗಿ: ಕುದುರೆ ಬೇಕಾದ್ದಕ್ಕಿಂತ ಆಳದಲ್ಲಿದೆಯಾ ನೋಡಿ, ಇದ್ದರೆ ಅನಿಲ ಇಳಿಸಿ. ಡ್ರಿಪ್ ಜೋರು ಮಾಡಿ. ಉಸಿರು ತುಂಬುವ ಮಷಿನ್ ಎದೆಗೆ ಜಾಸ್ತಿ ಒತ್ತಡ ಕೊಡುತ್ತಿದ್ದರೆ ತಗ್ಗಿಸಿ. ಇಷ್ಟಕ್ಕೂ ಏರದಿದ್ದರೆ ಡೊಬ್ಯುಟಮಿನ್, ಅಂದರೆ ಹೃದಯದ ಹಿಂಡುವ ಬಲ ಹೆಚ್ಚಿಸುವ ಔಷಧ. ಪ್ರತಿ ಕಿಲೋಗೆ ನಿಮಿಷಕ್ಕೆ 0.5 ಮೈಕ್ರೋಗ್ರಾಂನಿಂದ ಶುರು ಮಾಡಿ, ಬಿಪಿ ನೋಡುತ್ತಾ ನಿಧಾನ ಏರಿಸುತ್ತಾರೆ. 500 ಕಿಲೋ ಕುದುರೆಗೆ ಅದು ಗಂಟೆಗೆ 15 ಮಿ.ಗ್ರಾಂ. ಆಯಿತು. ಪರಿಣಾಮ ಕೆಲವೇ ನಿಮಿಷದಲ್ಲಿ ಕಾಣುತ್ತದೆ. ಹೃದಯ ಓಡತೊಡಗಿದರೆ ಅಥವಾ ಬಡಿತ ಎಡವಿದರೆ ತಕ್ಷಣ ಇಳಿಸಿ. ಕಣ್ಣುಮುಚ್ಚಿ ಕೊಡುವ ಔಷಧ ಇದಲ್ಲ. ಆರ್ಟರಿ ಲೈನ್ ಇಲ್ಲದೆ ಇದನ್ನು ಕೊಡಲು ನಾನಂತೂ ಒಪ್ಪುವುದಿಲ್ಲ.

ಬಿಪಿ ಇದ್ದಕ್ಕಿದ್ದಂತೆ ಏರಿದರೂ ಗಮನ ಕೊಡಿ. ಕುದುರೆಗೆ ನೋವು ತಟ್ಟುತ್ತಿರಬಹುದು, ಎಚ್ಚರದ ಹತ್ತಿರ ಬರುತ್ತಿರಬಹುದು. ಕಣ್ಣು ನೋಡಿ, ಕಾಲಿನ ಹತ್ತಿರ ಇರುವವರಿಗೆ ಒಂದು ಮಾತು ಹೇಳಿ.

11. ತೆಗೆಯುವಾಗ

ಏಳುವ ಕೋಣೆಗೆ ಸಾಗಿಸುವ ಮೊದಲು ಕ್ಯಾತಿಟರ್ ತೆಗೆದುಬಿಡಿ. ಎದ್ದೇಳುವ ಕುದುರೆಯ ಮುಖದಲ್ಲಿ ಅದು ಇರಬಾರದು. ತೆಗೆದ ಮೇಲೆ ಐದು ನಿಮಿಷ ಬೆರಳಿನಿಂದ ಬಿಗಿಯಾಗಿ ಒತ್ತಿ, ಗಡಿಯಾರ ನೋಡಿಕೊಂಡೇ ಒತ್ತಿ. ಅಂದಾಜಿನ ಐದು ನಿಮಿಷ ಎರಡೇ ನಿಮಿಷ ಆಗಿರುತ್ತದೆ. ದವಡೆಯ ಬಳಿ ಅವಸರ ಮಾಡಿದರೆ ನಿಂಬೆಹಣ್ಣಿನಷ್ಟು ಊತ ಬರುತ್ತದೆ. ಹಿಂಗಾಲಿನಲ್ಲಾದರೆ ಒತ್ತಿದ ಮೇಲೆ ಬ್ಯಾಂಡೇಜ್ ಸುತ್ತಿ, ಕುದುರೆ ಎದ್ದು ನಿಂತು ನೆಲೆಯಾದ ಮೇಲೆ ಬಿಚ್ಚಿ. ಆಗಲೇ ಅಡಿಯಲ್ಲಿದ್ದ ಬದಿಯ ಭುಜ, ತೊಡೆಗಳ ಮೇಲೆ ಕೈಯಾಡಿಸಿ. ಗಟ್ಟಿಯಾಗಿ, ಬಿಸಿಯಾಗಿ ಸಿಕ್ಕರೆ ಅಥವಾ ಮುಟ್ಟಿದ್ದಕ್ಕೆ ಕುದುರೆ ಹಿಂಜರಿದರೆ, ಬಿಪಿ ಹಾಳೆಯನ್ನು ಕೈಯಲ್ಲೇ ಹಿಡಿದುಕೊಂಡು ವೈದ್ಯರನ್ನು ಕರೆಯಿರಿ.